ಕೋಟೆ ಉಳಿಯದ ಊರಿನಲ್ಲಿ ಮುತ್ತಿಗೆಯ ಪಾಠ

ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ ಮಂಗಳೂರಿನ ಮಕ್ಕಳಿಗೆ ತಮ್ಮ ಊರಿನ ಹೆಸರು ಸಿಗುವ ಜಾಗ ಒಂದಿದೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧ 1784ರ ಮಂಗಳೂರು ಒಪ್ಪಂದದೊಂದಿಗೆ ಮುಗಿಯಿತು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಒಂದು ಸಾಲಿನ ಹಿಂದೆ 1783ರ ಮೇ ತಿಂಗಳಿಂದ ಮರುವರ್ಷದ ಜನವರಿ ಕೊನೆಯವರೆಗೆ ನಡೆದ ಮುತ್ತಿಗೆ ಇದೆ. ಕೋಟೆಯೊಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಒಂದಿಷ್ಟು ಮಂದಿ ಸ್ಕಾಟ್ಲೆಂಡಿನ ಹೈಲ್ಯಾಂಡರ್ ಸೈನಿಕರು, ಅವರಿಗಿಂತ ಎಷ್ಟೋ ಪಾಲು ಹೆಚ್ಚು ಈ ದೇಶದವರೇ ಆದ ಸಿಪಾಯಿಗಳು. ಹೊರಗೆ ಟಿಪ್ಪುವಿನ ದಂಡು, ಅದರ ಜೊತೆ ಫ್ರೆಂಚರ ತುಕಡಿ. ಮುತ್ತಿಗೆ ಮುಗಿದ ಮೇಲೆ ಟಿಪ್ಪು ಆ ಕೋಟೆಯನ್ನು ಕೆಡವಿಸಿದ. 1801ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬರುವ ಹೊತ್ತಿಗೇ ಅದು ಹಾಳುಬಿದ್ದಿತ್ತು. ಇವತ್ತು ಮಕ್ಕಳನ್ನು ಕರೆದೊಯ್ದು, ಇದೇ ಗೋಡೆ, ಇದೇ ಕಂದಕ ಎಂದು ತೋರಿಸಲು ಅಧ್ಯಾಪಕರಿಗೆ ಏನೂ ಉಳಿದಿಲ್ಲ.

ಕಾಣದ ಈ ಕೋಟೆಯನ್ನು ಕಣ್ಣೆದುರು ನಿಲ್ಲಿಸಬಹುದು ಎನ್ನುವುದು ವರ್ಚುವಲ್ ರಿಯಾಲಿಟಿಯ (ವಿಆರ್) ಭರವಸೆ. ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟು ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಚಿತ್ರ ತೋರಿಸುತ್ತದೆ, ಆದ್ದರಿಂದ ದೃಶ್ಯಕ್ಕೆ ಆಳ ಬರುತ್ತದೆ. ತಲೆ ತಿರುಗಿಸಿದ ಕಡೆಗೆ ದೃಶ್ಯವೂ ತಿರುಗುತ್ತದೆ. ಹಳೆಯ ಯುದ್ಧಭೂಮಿಗಳನ್ನು ಹೀಗೆ ಮತ್ತೆ ಕಟ್ಟಿ, ಸೇನಾ ಇತಿಹಾಸ ಕಲಿಸಲು ಬಳಸಬೇಕೇ, ಬಳಸಿದರೆ ಯಾವುದಕ್ಕೆ, ಎಲ್ಲಿಯವರೆಗೆ? ಈ ಪ್ರಶ್ನೆಗೆ ಮಂಗಳೂರಿನ ಬೋಳಾರದಷ್ಟು ಒಳ್ಳೆಯ ಒರೆಗಲ್ಲು ಬೇರೆ ಸಿಗಲಿಕ್ಕಿಲ್ಲ.

ಬೋಳಾರವೆಂದರೆ ಹೊರಗಿನವರಿಗೆ ಮಂಗಳಾದೇವಿ ದೇವಸ್ಥಾನ. ದೇವಸ್ಥಾನ ದಾಟಿ ನೇತ್ರಾವತಿಯ ದಂಡೆಗೆ ಬಂದರೆ ಎದುರು ದಡದಲ್ಲಿ ಉಳ್ಳಾಲದ ಕಡೆಯ ತೆಂಗಿನ ತೋಟಗಳು ಕಾಣುತ್ತವೆ. ಆಚೆ ದಡ ರಾಣಿ ಅಬ್ಬಕ್ಕನ ನೆಲ. ಈಚೆ ದಡದ ಮಂಗಳೂರಿನಲ್ಲಿ 1568ರಲ್ಲಿ ಪೋರ್ಚುಗೀಸರು ಸಂತ ಸೆಬಾಸ್ಟಿಯನ್ನನ ಹೆಸರಿನಲ್ಲಿ ಕೋಟೆ ಕಟ್ಟಿದರು. ಪಡುವಣಕ್ಕೆ ಅಳಿವೆ ಬಾಗಿಲು. ಬಡಗಣದಿಂದ ಕಡಲಿಗೆ ಸಮನಾಗಿ ಹರಿದು ಬರುವ ಗುರುಪುರ ಹೊಳೆ ಅದೇ ಅಳಿವೆಯ ಬಳಿ ನೇತ್ರಾವತಿಯನ್ನು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳ ಪಟ್ಟಿ. ಟಿಪ್ಪುವಿನ ಕಾವಲು ಬುರುಜಾದ ಸುಲ್ತಾನ್ ಬತ್ತೇರಿ ಇರುವುದು ಬೋಳಾರದಲ್ಲಲ್ಲ, ಬೋಳೂರಿನಲ್ಲಿ, ಆ ಗುರುಪುರ ಹೊಳೆಯ ದಂಡೆಯ ಮೇಲೆ. ಇವೆರಡನ್ನು ಅದಲು ಬದಲು ಮಾಡಿ ಹೇಳುವವರು ಬಹಳ.

ಇಷ್ಟನ್ನು ನಾನು ಮಾತಿನಲ್ಲಿ ಹೇಳಿದೆ. ಓದುಗರಲ್ಲಿ ಈ ಊರು ಬಲ್ಲವರಿಗೆ ಚಿತ್ರ ಮೂಡಿತು, ಉಳಿದವರಿಗೆ ಅರ್ಧಕ್ಕೇ ನಿಂತಿತು. ವಿಆರ್ ಪರವಾದ ಮೊದಲ ವಾದ, ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದ ವಾದ, ಇಲ್ಲಿಂದ ಹುಟ್ಟುತ್ತದೆ. ಯುದ್ಧದ ಇತಿಹಾಸ ಅರ್ಧ ಭೂಗೋಳ. ಗೆದ್ದ ಬಿದನೂರು ಕೈತಪ್ಪಿದರೂ ಮಂಗಳೂರಿಗಾಗಿ ಇಂಗ್ಲಿಷರು ಅಷ್ಟು ಹಟ ಹಿಡಿದದ್ದೇಕೆ? ಮುಂಬಯಿಯಿಂದ ಹಡಗು ಬರುವ ಬಾಗಿಲು ಇದು. ಹಾಗಿದ್ದೂ, 1783ರ ನವೆಂಬರಿನಲ್ಲಿ ಜನರಲ್ ಮ್ಯಾಕ್ಲಿಯೋಡ್ ಹಡಗುಗಳೊಂದಿಗೆ ಬಂದು ನಿಂತರೂ ಕೋಟೆಯೊಳಗಿನವರ ಹಸಿವು ಏಕೆ ನೀಗಲಿಲ್ಲ? ಕದನವಿರಾಮದ ಷರತ್ತುಗಳ ಕಥೆ ಒಂದು ಕಡೆ. ದೊಡ್ಡ ಹಡಗು ಅಳಿವೆಯ ಮರಳು ದಾಟಿ ಒಳಬರಲಾರದು, ಹೊರಗೆ ಕಡಲಲ್ಲೇ ಲಂಗರು ಹಾಕಬೇಕು ಎನ್ನುವುದು ಇನ್ನೊಂದು ಕಡೆ. ಯುದ್ಧ ಮುಗಿದ ಮೇಲೆ ಟಿಪ್ಪು ಹೊಳೆಯ ಅಂಚಿನಲ್ಲಿ ಬತ್ತೇರಿ ಕಟ್ಟಿಸಿದ್ದು ಏಕೆ? ನಕಾಶೆ ಓದಬಲ್ಲ ಅಧಿಕಾರಿಗೆ ಇದು ತಕ್ಷಣ ಹೊಳೆಯುತ್ತದೆ. ಹದಿನೈದರ ಹುಡುಗಿಗೆ ಹೊಳೆಯಬೇಕಾದರೆ ಅವಳು ಕೊತ್ತಲದ ಮೇಲೆ ನಿಂತು ಕಡಲಿನತ್ತ ನೋಡಬೇಕು, ಹಡಗು ಎಷ್ಟು ದೂರ, ತೋಪಿನ ಗುಂಡು ಎಲ್ಲಿಗೆ ಮುಟ್ಟುತ್ತದೆ ಎಂದು ತಾನೇ ಅಂದಾಜು ಕಟ್ಟಬೇಕು.

ಸೇನಾ ಶಿಕ್ಷಣದಲ್ಲಿ ಇದು ಹೊಸತಲ್ಲ. ಅಧಿಕಾರಿಗಳನ್ನು ಹಳೆಯ ರಣಭೂಮಿಗೆ ಕರೆದೊಯ್ದು, ಇಲ್ಲಿ ನೀನು ಸೇನಾಪತಿಯಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಪ್ರಷ್ಯದಿಂದ ಬಂದದ್ದು. ಈಗ ಅದು ಸ್ಟಾಫ್ ರೈಡ್ ಎಂಬ ಹೆಸರಿನಲ್ಲಿ ಹಲವು ದೇಶಗಳ ಸೇನಾ ಕಾಲೇಜುಗಳಲ್ಲಿ ನಡೆಯುತ್ತದೆ. ಆದರೆ ಅದಕ್ಕೆ ರಣಭೂಮಿ ಉಳಿದಿರಬೇಕು. ನಮ್ಮಲ್ಲಿ ಕೋಟೆ ಹೋಗಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿಯ ದಂಡೆ ಕಾರ್ಖಾನೆಗಳ ದಂಡೆಯಾಯಿತು. ಆಮೇಲೆ ರೈಲು ಸೇತುವೆ ಬಂತು. ಅಳಿವೆ ಬಾಗಿಲು ಕೂಡ ಒಂದೇ ಕಡೆ ನಿಂತದ್ದಲ್ಲ, ಮರಳ ದಿಣ್ಣೆಯೊಂದಿಗೆ ಸರಿದಾಡುತ್ತಿತ್ತು. ಕಲ್ಲಿನ ತಡೆಗೋಡೆ ಕಟ್ಟಿದ ಮೇಲೆಯೇ ಅದು ಒಂದು ಕಡೆ ನೆಲೆಸಿದ್ದು. 1783ರ ಮಂಗಳೂರನ್ನು ಕಾಲಿನಲ್ಲಿ ನಡೆದು ನೋಡುವುದು ಇನ್ನು ಸಾಧ್ಯವೇ ಇಲ್ಲ. ಹಳೆಯ ನಕಾಶೆ, ಮುತ್ತಿಗೆಯ ಕಾಲದ ವರದಿ, ಇವತ್ತಿನ ಲೇಸರ್ ಅಳತೆ ಇವನ್ನು ಕೂಡಿಸಿ ಕಂಪ್ಯೂಟರಿನಲ್ಲಿ ಕಟ್ಟುವುದೊಂದೇ ದಾರಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಗಾಗಿ ಇಂಥ ಡಿಜಿಟಲ್ ಯೋಜನೆಯನ್ನು ನಡೆಸಿದೆ. ಕೆಲಸ ಬಲ್ಲವರು ಕರ್ನಾಟಕದಲ್ಲೇ ಇದ್ದಾರೆ.

ಇನ್ನೊಂದು ಬದಿಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನೋಡುಗನನ್ನು ರಣರಂಗದ ನಡುವೆ ನಿಲ್ಲಿಸುವ ಆಸೆ ಕಂಪ್ಯೂಟರಿಗಿಂತ ಹಳೆಯದು. ಅದರ ದೊಡ್ಡ ಉದಾಹರಣೆಯೊಂದಕ್ಕೆ ವಸ್ತುವಾದದ್ದು ನಮ್ಮ ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿತ್ತು. 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಕಲಾವಿದ ಆ ದಾಳಿಯ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಸುಮಾರು 120 ಅಡಿ ಉದ್ದದ ಬಟ್ಟೆ, ಅರ್ಧ ವೃತ್ತಾಕಾರವಾಗಿ ನೋಡುಗರನ್ನು ಸುತ್ತುವರಿಯುವಂತೆ ನಿಲ್ಲಿಸಿದ್ದು. ಜನ ಮುಗಿಬಿದ್ದು ನೋಡಿದರು. ಚಿತ್ರ ನೋಡಿ ಮೂರ್ಛೆ ಹೋದವರೂ ಇದ್ದರಂತೆ. ಕೆಲವೇ ವಾರಗಳಲ್ಲಿ ಅದನ್ನು ಬರೆದು ಮುಗಿಸಿದ ಪೋರ್ಟರ್ ಭಾರತವನ್ನು ಕಂಡವನಲ್ಲ. ಗೋಡೆ ಒಡೆದ ಜಾಗ, ಕಾವೇರಿಯ ಬಂಡೆಗಳು, ದಾಳಿ ನಡೆಸಿದ ಡೇವಿಡ್ ಬೇರ್ಡ್‌ನ ಕತ್ತಿ ಎಲ್ಲವೂ ಗೆದ್ದವರ ಬಾಯಿಂದ ಕೇಳಿ ಬರೆದದ್ದು. ಲಂಡನ್ನಿನವರಿಗೆ ಮಾತ್ರ ತಾವೇ ಅಲ್ಲಿದ್ದು ಕಂಡ ಹಾಗಾಯಿತು.

ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಇನ್ನೊಂದು ರಣರಂಗವಿದೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ಪುಡಿಗಟ್ಟಿದ ಚಿತ್ರ. ಮದ್ದುಗುಂಡಿನ ಗಾಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ ಕಂಗಾಲಾಗಿದ್ದಾನೆ. ಅದೂ ಗೆದ್ದವರ ಚಿತ್ರವೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಎಚ್ಚರಿಕೆ ಸಿಗುತ್ತದೆ. ನೋಡುಗನನ್ನು ಸುತ್ತುವರಿಯುವ ಚಿತ್ರ ಅವನ ವಿವೇಚನೆಯನ್ನೂ ಸುತ್ತುವರಿಯುತ್ತದೆ. ಪುಸ್ತಕ ಓದುವಾಗ ಇದನ್ನು ಯಾರು ಬರೆದರು ಎಂದು ಕೇಳಬಹುದು. ಹೊಗೆಯ ನಡುವೆ ನಿಂತವನಿಗೆ ಆ ಪ್ರಶ್ನೆ ನೆನಪಾಗುವುದಿಲ್ಲ.

ಮಂಗಳೂರಿನ ಮುತ್ತಿಗೆಯನ್ನೇ ಕಟ್ಟುತ್ತೇವೆ ಎಂದುಕೊಳ್ಳೋಣ. ತಯಾರಕರು ಮೊದಲು ಆರಿಸುವುದು ತೋಪಿನ ಹೊಡೆತ, ಗೋಡೆ ಒಡೆಯುವುದು, ಏಣಿ ಹಾಕಿ ಹತ್ತುವುದು. ಹದಿನೈದು ನಿಮಿಷದ ದೃಶ್ಯಕ್ಕೆ ಅದೇ ಒಪ್ಪುತ್ತದೆ. ಆದರೆ ಈ ಮುತ್ತಿಗೆಯ ತಿರುಳು ಅದಲ್ಲ. ಜೂನಿನಲ್ಲಿ ಮಳೆ ಹಿಡಿಯಿತು. ಕರಾವಳಿಯ ಮಳೆಗೆ ತೋಡಿದ ಕಂದಕ ತುಂಬಿತು, ಮದ್ದು ನೆನೆಯಿತು, ಎರಡೂ ಕಡೆಯವರಿಗೆ ಜ್ವರ ಬಂತು. ಯುರೋಪಿನಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ರಾಜಿಯಾದ ಸುದ್ದಿ ಬಂದ ಕೂಡಲೇ ಫ್ರೆಂಚ್ ಅಧಿಕಾರಿ ಕೊಸಿನ್ಯಿ ತನ್ನ ತುಕಡಿಯನ್ನು ಹಿಂದೆಗೆದ. ಗೋಡೆಯಡಿ ಸುರಂಗ ತೋಡುವ ವಿದ್ಯೆ ಬಲ್ಲವರೇ ಹೊರಟುಹೋದರು. ಆಗಸ್ಟಿನಲ್ಲಿ ಕದನವಿರಾಮ. ಆಮೇಲೆ ಗುಂಡಿಗಿಂತ ಹಸಿವು ಹೆಚ್ಚು ಕೊಂದಿತು. ಕೋಟೆಯೊಳಗೆ ಸ್ಕರ್ವಿ ಹರಡಿತು, ಸಿಪಾಯಿಗಳಿಗೆ ಕಣ್ಣು ಮಂಜಾಯಿತು, ಕುದುರೆ, ನರಿ, ಇಲಿ, ಕಪ್ಪೆ ತಿಂದು ಬದುಕಿದರು ಎಂದು ಇಂಗ್ಲಿಷ್ ಬರಹಗಳು ಹೇಳುತ್ತವೆ. ಶರಣಾಗಿ ಹೊರಬಿದ್ದ ಕ್ಯಾಂಪ್‌ಬೆಲ್ 1784ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡ. ಅದೇ ಮಾರ್ಚ್ 11ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಇದರಲ್ಲಿ ಯಾವುದನ್ನು ಹೆಡ್‌ಸೆಟ್ಟಿನೊಳಗೆ ತುಂಬಲು ಬರುತ್ತದೆ? ಕಾಯುವುದನ್ನು ತೋರಿಸಲಾಗದು. ತಿಂಗಳುಗಟ್ಟಲೆ ನಿಂಬೆಹಣ್ಣಿನ ಒಂದು ಹೋಳೂ ಸಿಗದಿದ್ದರೆ ಒಸಡು ಏನಾಗುತ್ತದೆ ಎಂಬುದು ದೃಶ್ಯವಲ್ಲ. ಪ್ಯಾರಿಸಿನಲ್ಲಿ ಆದ ಮಾತುಕತೆ ಮಂಗಳೂರಿನ ತೋಪುಗಳನ್ನು ತಣ್ಣಗಾಗಿಸಿದ್ದು ಹೇಗೆ ಎನ್ನುವುದಕ್ಕೆ ಪುಸ್ತಕ ಬೇಕು, ಬಿಡಿಸಿ ಹೇಳುವ ಅಧ್ಯಾಪಕರು ಬೇಕು. ವಿಆರ್ ಜಾಗವನ್ನು ಚೆನ್ನಾಗಿ ಕಲಿಸುತ್ತದೆ, ಕಾಲವನ್ನು ಕಲಿಸಲಾರದು, ಕಾರಣವನ್ನಂತೂ ಇನ್ನೂ ಕಡಿಮೆ. ಡೆನ್ಮಾರ್ಕಿನ ಗೈಡೊ ಮಕ್ರಾನ್‌ಸ್ಕಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಿಜ್ಞಾನದ ಪ್ರಯೋಗಶಾಲೆಯ ಪಾಠವನ್ನು ಸಾದಾ ಪರದೆಯಲ್ಲೂ ಹೆಡ್‌ಸೆಟ್ಟಿನಲ್ಲೂ ಕಲಿಸಿ ನೋಡಿತು. ಹೆಡ್‌ಸೆಟ್ಟಿನವರಿಗೆ ಅಲ್ಲೇ ಇದ್ದೇವೆ ಎನ್ನುವ ಅನುಭವ ಹೆಚ್ಚು ಸಿಕ್ಕಿತು, ಕಲಿಕೆ ಕಡಿಮೆಯಾಯಿತು. ಅದು ಇತಿಹಾಸದ ಪಾಠವಲ್ಲ ಎನ್ನುವುದು ನಿಜ. ಆದರೂ ಮಕ್ಕಳು ಬೆರಗಾದರು ಎಂದ ಮಾತ್ರಕ್ಕೆ ಕಲಿತರು ಎಂದು ಬಗೆಯಬಾರದು ಎನ್ನಲು ಸಾಕಷ್ಟು ಆಧಾರ ಅಲ್ಲಿದೆ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಮಂಗಳೂರಿನವರು ಅದನ್ನು ಹಗುರವಾಗಿ ಎತ್ತಿಕೊಳ್ಳಲಾರರು. ಮುತ್ತಿಗೆ ಮುಗಿದ ಕೆಲವೇ ವಾರಗಳಲ್ಲಿ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ, ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಬದುಕಿ ಉಳಿದವರು ಮರಳಿದ್ದು 1799ರ ನಂತರ. ಎಷ್ಟು ಮಂದಿ ಎನ್ನುವ ಸಂಖ್ಯೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಬಗೆ, ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ. ಇಲ್ಲಿನ ಕ್ಯಾಥೊಲಿಕ್ ಮನೆಗಳಲ್ಲಿ ಆ ಸೆರೆಯ ಕಥೆ ಇಂದಿಗೂ ಜೀವಂತ. ಟಿಪ್ಪುವನ್ನು ಇಂಗ್ಲಿಷರ ಎದುರು ಕೊನೆಯವರೆಗೂ ಹೋರಾಡಿ ಸತ್ತ ದೊರೆಯೆಂದು ಗೌರವಿಸುವ ಮನೆಗಳೂ ಇದೇ ಊರಿನಲ್ಲಿವೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದಾಗ ಮಡಿಕೇರಿಯಲ್ಲಿ ಜೀವಹಾನಿಯಾಯಿತು. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಇಂಥ ಕಡೆ ಒಂದು ಮಗುವಿನ ಕಣ್ಣಿಗೆ ಹೆಡ್‌ಸೆಟ್ಟು ಕಟ್ಟಿ ಅದನ್ನು ಯಾರ ಪಕ್ಕ ನಿಲ್ಲಿಸುತ್ತೀರಿ? ಗೋಡೆಯೊಳಗೋ, ಹೊರಗೋ, ಸೆರೆಯವರ ಸಾಲಿನಲ್ಲೋ?

ಒಪ್ಪಂದದ ಮಾತುಕತೆಗೆ ಬಂದ ಇಂಗ್ಲಿಷ್ ಪ್ರತಿನಿಧಿಗಳ ಡೇರೆಯ ಮುಂದೆ ಟಿಪ್ಪು ಗಲ್ಲುಗಂಬ ನೆಡಿಸಿದ್ದ ಎನ್ನುವ ಕಥೆಯನ್ನು ಇಂಗ್ಲಿಷ್ ಬರಹಗಳು ಹೇಳುತ್ತವೆ. ಅದು ಹೆದರಿಸಲಿಕ್ಕೋ, ತನ್ನವರಲ್ಲೇ ತಪ್ಪು ಮಾಡಿದವರ ಶಿಕ್ಷೆಗೋ, ಅಥವಾ ಕಥೆಯೇ ಉತ್ಪ್ರೇಕ್ಷೆಯೋ ಎಂದು ಇತಿಹಾಸಕಾರರು ವಾದಿಸಿದ್ದಾರೆ. ಪುಸ್ತಕದಲ್ಲಿ ಈ ಸಂಶಯವನ್ನು ಸಂಶಯವಾಗಿಯೇ ಇಡಬಹುದು. ವಿಆರ್ ದೃಶ್ಯದಲ್ಲಿ ಗಲ್ಲುಗಂಬ ಇರುತ್ತದೆ ಅಥವಾ ಇರುವುದಿಲ್ಲ. ಅಬ್ಬಕ್ಕನ ವಿಷಯವೂ ಹಾಗೆಯೇ. ಅಬ್ಬಕ್ಕ ಒಬ್ಬಳೇ, ಇಬ್ಬರೇ, ಮೂವರೇ ಎನ್ನುವುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡ ಉಳ್ಳಾಲದ ರಾಣಿ ಬರಿಗಾಲಿನಲ್ಲಿ, ಸಾದಾ ಹತ್ತಿಬಟ್ಟೆಯಲ್ಲಿ ನಡೆದು ಬರುತ್ತಿದ್ದಳು. ಇವತ್ತಿನ ಚಿತ್ರಗಳಲ್ಲಿ ಅವಳಿಗೆ ಒಡವೆ, ಕೈಯಲ್ಲಿ ಕತ್ತಿ. ಹಣ ಹಾಕಿದವರು ದೃಶ್ಯ ಕಟ್ಟಿಸುವಾಗ ಬರಿಗಾಲಿನ ರಾಣಿಯನ್ನು ಆರಿಸುತ್ತಾರೆಂದು ನನಗೆ ಅನ್ನಿಸುವುದಿಲ್ಲ. ನನಗಾದರೋ ಆ ಬರಿಗಾಲಿನವಳೇ ಹೆಚ್ಚು ದೊಡ್ಡವಳಾಗಿ ಕಾಣುತ್ತಾಳೆ. ಇನ್ನು ತಾಳಿಕೋಟೆ ಎಂದು ನಾವು ಕರೆಯುವ 1565ರ ಜನವರಿ 23ರ ಕಾಳಗ ಕೃಷ್ಣೆಯ ದಂಡೆಯಲ್ಲಿ ನಿಖರವಾಗಿ ಎಲ್ಲಿ ನಡೆಯಿತು ಎಂಬ ಚರ್ಚೆಯೇ ಮುಗಿದಿಲ್ಲ.

ವಿಆರ್ ಪರದವರ ಉತ್ತರವನ್ನೂ ಪೂರ್ತಿ ಕೇಳಬೇಕು. ಪಕ್ಷಪಾತ ಪಠ್ಯಪುಸ್ತಕದಲ್ಲಿ ಇಲ್ಲವೇ? ಸಿನಿಮಾದಲ್ಲಿ, ವೃತ್ತದಲ್ಲಿ ನಿಲ್ಲಿಸುವ ಪ್ರತಿಮೆಯಲ್ಲಿ ಇಲ್ಲವೇ? ಪ್ರತಿಮೆಗೆ ಒಂದೇ ಮುಖ, ವಿಆರ್‌ನಲ್ಲಾದರೆ ನಿಂತ ಜಾಗ ಬದಲಿಸಬಹುದು. ಈ ಮಾತಿನಲ್ಲಿ ಹುರುಳಿದೆ. ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್‌ನಲ್ಲಿ, 1314ರ ಕಾಳಗಕ್ಕೆ ಏಳುನೂರು ವರ್ಷ ತುಂಬಿದ 2014ರಲ್ಲಿ ತೆರೆದ ಕೇಂದ್ರದಲ್ಲಿ, ಬಂದವರು ಮೂರು ಆಯಾಮದ ನಕಾಶೆಯ ಸುತ್ತ ನಿಂತು ಸ್ಕಾಟರ ಕಡೆಯಿಂದಲೂ ಇಂಗ್ಲಿಷರ ಕಡೆಯಿಂದಲೂ ದಂಡು ನಡೆಸುವ ಏರ್ಪಾಡಿತ್ತು. ಕಲ್ಲೊಡೆನ್‌ನಲ್ಲಿ, 1746ರ ಕಾಳಗದ ನೆಲದಲ್ಲೇ, ನಾಲ್ಕೂ ಗೋಡೆಯ ಮೇಲೆ ಕಾಳಗವನ್ನು ತೋರಿಸುವ ಕೋಣೆಯಿದೆ. ನೋಡುಗ ಎರಡು ದಂಡಿನ ನಡುವೆ ನಿಲ್ಲುತ್ತಾನೆ, ಯಾವ ಕಡೆಗೂ ಸೇರಿದವನಲ್ಲ.

ಎರಡೂ ಕಡೆಯ ಮಾತು ಕೇಳುವ ಅಭ್ಯಾಸ ನಮ್ಮ ಊರಿಗೂ ಇದೆ. ಬೋಳಾರ ನಾರಾಯಣ ಶೆಟ್ಟರಂಥ ಯಕ್ಷಗಾನ ಕಲಾವಿದರ ಊರು ಇದು. ಇಲ್ಲಿನ ಆಟದಲ್ಲಿ ಚೆಂಡೆಯ ಅಬ್ಬರದ ಯುದ್ಧಕ್ಕೆ ಮೊದಲು ಮಾತಿನ ಯುದ್ಧವಿದೆ. ತಾಳಮದ್ದಳೆಗೆ ಬಂದರೆ ವೇಷವೂ ಇಲ್ಲ, ಕುಣಿತವೂ ಇಲ್ಲ. ಕರ್ಣನ ಅರ್ಥ ಹೇಳುವವರು ಕರ್ಣನ ನ್ಯಾಯವನ್ನು ಪೂರ್ತಿ ಹೇಳುತ್ತಾರೆ, ಎದುರು ಕೂತ ಕೃಷ್ಣ ಅದನ್ನು ಖಂಡಿಸುತ್ತಾನೆ, ಬೆಳಗಿನ ಜಾವದವರೆಗೆ ಕೂತ ಸಭೆ ಇಬ್ಬರನ್ನೂ ತೂಗುತ್ತದೆ. ಸೋಲುವವನ ಮಾತು ಅಲ್ಲಿ ತುಂಡಾಗುವುದಿಲ್ಲ. ಯುದ್ಧಭೂಮಿಯನ್ನು ಮರುಸೃಷ್ಟಿ ಮಾಡುವವರು ಪಡುವಣದ ವಿಡಿಯೋ ಆಟಗಳ ಮಾದರಿ ಹಿಡಿಯುವ ಮೊದಲು ಇದನ್ನೊಮ್ಮೆ ನೋಡಬೇಕು.

ಖರ್ಚು, ಅನುಕೂಲಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐವತ್ತು ಮಕ್ಕಳ ತರಗತಿಗೆ ನಾಲ್ಕು ಹೆಡ್‌ಸೆಟ್ಟು ಕೊಟ್ಟರೆ ನಾಲ್ವರು ನೋಡುತ್ತಾರೆ, ಉಳಿದವರು ಗಲಾಟೆ ಮಾಡುತ್ತಾರೆ. ಕಣ್ಣು ಓಡುತ್ತಿದೆ ಎನ್ನುವಾಗ ಒಳಕಿವಿ ನಿಂತಿದ್ದೇನೆ ಎನ್ನುವುದರಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಕಂಪೆನಿಯನ್ನು ನಂಬಿ ಪಾಠ ಕಟ್ಟುವುದೂ ಅಪಾಯ. ಶಾಲೆಗಳಿಗೆಂದೇ 2015ರಲ್ಲಿ ಬಂದ ಗೂಗಲ್ ಎಕ್ಸ್‌ಪೆಡಿಷನ್ಸ್ ಅನ್ನು 2021ರಲ್ಲಿ ಮುಚ್ಚಿಬಿಟ್ಟರು. ಇದಕ್ಕೆಲ್ಲ ಒಂದು ದಾರಿಯಿದೆ. ಶಾಲೆಗೊಂದು ಹೆಡ್‌ಸೆಟ್ಟು ಕೊಳ್ಳುವ ಬದಲು ಊರಿಗೊಂದು ಕೋಣೆ ಸಾಕು. ಪಿಲಿಕುಳದ ತ್ರಿ-ಡಿ ತಾರಾಲಯಕ್ಕೆ ಶಾಲೆ ಮಕ್ಕಳು ಬಸ್ಸು ಮಾಡಿಕೊಂಡು ಹೋಗಿ ಬರುತ್ತಾರೆ. ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಇಂಥ ಕಡೆ ಒಂದು ಸಲ ಕಟ್ಟಿದರೆ ಇಡೀ ಜಿಲ್ಲೆಗೆ ಒದಗುತ್ತದೆ. ಅಳತೆಗಳು, ಕಡತಗಳು ಸರ್ಕಾರದ ಕೈಯಲ್ಲೇ ಇರಬೇಕು, ಯಾವುದೋ ಕಂಪೆನಿಯ ಸರ್ವರಿನಲ್ಲಿ ಅಲ್ಲ.

ಎರಡೂ ಬದಿಯನ್ನು ತೂಗಿದ ಮೇಲೆ ನನ್ನ ನಿಲುವು ಇದು. ನೆಲವನ್ನು ಕಟ್ಟಬೇಕು, ಕೊಲೆಯನ್ನು ಕಟ್ಟಬಾರದು. 1783ರ ಕೋಟೆ, ಕಂದಕ, ಎರಡು ಹೊಳೆ, ಆಗಿನ ಅಳಿವೆ, ದೂರದಲ್ಲಿ ಲಂಗರು ಹಾಕಿದ ಹಡಗು ಇವೆಲ್ಲ ಇರಲಿ. ವಿದ್ಯಾರ್ಥಿ ಕೊತ್ತಲದ ಮೇಲೂ ನಿಲ್ಲಲಿ, ಟಿಪ್ಪುವಿನ ತೋಪುಗಳ ಬಳಿಯೂ ನಿಲ್ಲಲಿ, ಮಳೆಗಾಲದಲ್ಲೂ ಬೇಸಗೆಯಲ್ಲೂ ನೋಡಲಿ. ರಕ್ತ ಚಿಮ್ಮುವ ಕಾಳಗ, ಕೈಗೊಂದು ಬಂದೂಕು, ಸೆರೆಯವರ ಸಾಲು ಇವು ಬೇಡ. ಆ ಸೆರೆಯ ಪಾಠವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಓದಿಸಬೇಕು, ಮನೆಮಂದಿಯ ನೆನಪನ್ನು ಕೇಳಿಸಬೇಕು, ಕೆಲವೇ ನಿಮಿಷದ ತಮಾಷೆಯಾಗಲು ಬಿಡಬಾರದು. ದಾಖಲೆಯಿಂದ ತಿಳಿದ ಗೋಡೆಗೆ ಒಂದು ಬಣ್ಣ, ಊಹೆಯಿಂದ ಕಟ್ಟಿದ ಗೋಡೆಗೆ ಇನ್ನೊಂದು ಬಣ್ಣ ಹಚ್ಚಿದರೆ ಯಾವುದು ಗೊತ್ತಿರುವುದು, ಯಾವುದು ಅಂದಾಜು ಎಂದು ಮಗುವಿಗೂ ತಿಳಿಯುತ್ತದೆ. ಹತ್ತು ನಿಮಿಷ ನೋಡಿದ ಮೇಲೆ ಹೆಡ್‌ಸೆಟ್ಟು ತೆಗೆಸಿ ಇಡೀ ಪಿರಿಯಡ್ಡು ಮಾತಾಡಿಸಬೇಕು. ಇಂಗ್ಲಿಷರು ಬರೆದದ್ದು ಹೀಗೆ, ಮೈಸೂರಿನ ಕಡೆಯ ಕಿರ್ಮಾನಿ ಪರ್ಷಿಯನ್ನಿನಲ್ಲಿ ಬರೆದದ್ದು ಹೀಗೆ, ನೀನು ಏನು ಹೇಳುತ್ತಿ ಎಂದು ಕೇಳಬೇಕು. ಆ ಮಾತುಕತೆಗೆ ಸಮಯವಿಲ್ಲ ಎನ್ನುವ ಶಾಲೆಗೆ ಈ ಯಂತ್ರ ಬೇಡವೇ ಬೇಡ.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಜೆಪ್ಪುವಿನಿಂದ ಬೋಳಾರದವರೆಗಿನ ನೇತ್ರಾವತಿಯ ದಂಡೆಗೆ ಹೊಸ ರೂಪ ಕೊಡುವ ಕೆಲಸ ಶುರುವಾಯಿತು. ಹಳೆಯ ಹಂಚಿನ ಕಾರ್ಖಾನೆಗಳ ಕುರುಹು, ದೋಣಿ ಕಟ್ಟುತ್ತಿದ್ದ ಜಾಗಗಳು, ಮುರಕಲ್ಲಿನ ಹಳೆಯ ಗೋಡೆಗಳು ಒಂದೊಂದಾಗಿ ಕಾಂಕ್ರೀಟಿನಡಿ ಸೇರುತ್ತಿವೆ. ಕೋಟೆಯನ್ನು ಮತ್ತೆ ಕಟ್ಟುವ ಯೋಚನೆ ಯಾವಾಗ ಕೈಗೂಡುತ್ತದೋ ನೋಡೋಣ. ಅದಕ್ಕೆ ಮೊದಲು ಮಹಾನಗರಪಾಲಿಕೆ, ಇಲ್ಲಿನ ಕಾಲೇಜುಗಳ ಇತಿಹಾಸ ಮತ್ತು ಎಂಜಿನಿಯರಿಂಗ್ ವಿಭಾಗಗಳು ಸೇರಿ ಈ ದಂಡೆಯನ್ನು ಈಗಿರುವ ಸ್ಥಿತಿಯಲ್ಲಿ ಲೇಸರಿನಿಂದ ಅಳೆದು ದಾಖಲಿಸಿಡಲಿ. ಮುಂದಿನ ಮಳೆಗಾಲಕ್ಕೆ ಮೊದಲೇ ಅದು ಆಗಬೇಕು.